ಬಸ್ಸು ನಿಂತದ್ದು ಸುದ್ದಿಯಾಗಲಿಲ್ಲ

ಪತ್ರಿಕೆಯಲ್ಲಿದ್ದ ನಾಲ್ಕು ವರ್ಷಗಳಲ್ಲಿ ನಾನು ಬರೆದ ಬಸ್ಸಿನ ಸುದ್ದಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರದವು. ಹೊಸ ಮಾರ್ಗಕ್ಕೆ ಬಸ್ಸು ಬಂತು, ಬಾಳೆಕಂದು ಕಟ್ಟಿದರು, ತೆಂಗಿನಕಾಯಿ ಒಡೆದರು, ಜನಪ್ರತಿನಿಧಿಗಳು ಹಸಿರು ನಿಶಾನೆ ತೋರಿಸಿ ಒಂದಷ್ಟು ದೂರ ತಾವೇ ಟಿಕೆಟ್ ತೆಗೆದುಕೊಂಡು ಪ್ರಯಾಣಿಸಿದರು, ಗ್ರಾಮಸ್ಥರು ಸಿಹಿ ಹಂಚಿದರು. ಜೊತೆಗೊಂದು ಫೋಟೊ. ಅದರಲ್ಲಿ ಬಸ್ಸಿನ ಬೋರ್ಡ್ ಕಾಣುವುದಿಲ್ಲ, ಯಾಕೆಂದರೆ ಎಲ್ಲರೂ ಅದರ ಮುಂದೆಯೇ ನಿಂತಿರುತ್ತಾರೆ. ಬಸ್ಸು ಬಂದದ್ದಕ್ಕೆ ಹೀಗೆ ತಾರೀಕು ಇರುತ್ತದೆ, ಫೋಟೊ ಇರುತ್ತದೆ, ಮಾರನೇ ದಿನದ ಪತ್ರಿಕೆಯಲ್ಲಿ ಎರಡು ಕಾಲಂ ಜಾಗ ಇರುತ್ತದೆ. ಬಸ್ಸು ನಿಂತದ್ದಕ್ಕೆ ಇದ್ಯಾವುದೂ ಇರುವುದಿಲ್ಲ.

ನಮ್ಮೂರಿಗೆ ಬಸ್ಸು ನಿಂತು ಮೂರೋ ನಾಲ್ಕೋ ವರ್ಷವಾಯಿತು. ಹೀಗೆ 'ಮೂರೋ ನಾಲ್ಕೋ' ಅಂತ ಬರೆಯಬೇಕಾಗಿ ಬಂದದ್ದೇ ಈ ಬರಹಕ್ಕೆ ಕಾರಣ. ಊರಿನಲ್ಲಿ ಯಾರನ್ನು ಕೇಳಿದರೂ ಒಂದು ದಿನ ಅಂತ ಹೇಳುವುದಿಲ್ಲ. ಎರಡನೇ ಲಾಕ್‌ಡೌನ್ ಆದಮೇಲೆ ಬರಲೇ ಇಲ್ಲ ಅನ್ನುತ್ತಾರೆ ಒಬ್ಬರು. ಇಲ್ಲ ಮಾರಾಯ್ತಿ, ಆ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೂ ಬರ್ತಿತ್ತು, ನಾನೇ ಗೊನೆ ಕೊಯ್ಯುವವರನ್ನು ಅದರಲ್ಲೇ ಕರ್ಕೊಂಡು ಬಂದಿದ್ದೆ ಅನ್ನುತ್ತಾರೆ ಇನ್ನೊಬ್ಬರು. ಬರುತ್ತಿತ್ತು, ಆಮೇಲೆ ದಿನಾ ಬರುತ್ತಿರಲಿಲ್ಲ, ಆಮೇಲೆ ಯಾವಾಗಲಾದರೂ ಬರುತ್ತಿತ್ತು, ಆಮೇಲೆ ಯಾರೂ ಕಾಯುತ್ತಿರಲಿಲ್ಲ. ನಮ್ಮಮ್ಮ ಹೇಳುವ ಈ ಕ್ರಮವೇ ಹೆಚ್ಚು ಸರಿ ಇರಬೇಕು.

ಊರು ಕೊಪ್ಪ ಪೇಟೆಯಿಂದ 28 ಕಿಲೋಮೀಟರ್ ಒಳಗೆ. ಮಲೆನಾಡಿನವರಿಗೆ ಗೊತ್ತಿರುತ್ತದೆ, ನಮ್ಮ ಕಡೆ ಊರು ಅಂದರೆ ಸಾಲುಮನೆಗಳಲ್ಲ. ಇಲ್ಲೊಂದು ಮನೆ, ಗದ್ದೆ ದಾಟಿ ಆಚೆ ಒಂದು, ಗುಡ್ಡದ ಮೇಲೆ ಇನ್ನೆರಡು. ಒಂದು ಅಂಗಡಿ, ಒಂದು ಶಾಲೆ, ಹಾಲಿನ ಡೈರಿ. ಇವೆಲ್ಲ ಇರುವಲ್ಲಿ ಬಸ್ಸು ತಿರುಗಿಸಲು ಸ್ವಲ್ಪ ಜಾಗ. ಆ ಜಾಗಕ್ಕೇ ನಾವು ಊರು ಅಂತ ಹೇಳುತ್ತಿದ್ದದ್ದು.

ನಾನು ಹೈಸ್ಕೂಲಿಗೆ ಹೋಗುವಾಗ ದಿನಕ್ಕೆ ನಾಲ್ಕು ಟ್ರಿಪ್ಪು. ಎಲ್ಲವೂ ಖಾಸಗಿ ಬಸ್ಸುಗಳೇ, ನಮ್ಮ ಕಡೆ ಒಳದಾರಿಗಳಲ್ಲಿ ಮೊದಲಿಂದಲೂ ಖಾಸಗಿಯದ್ದೇ ರಾಜ್ಯ. ರಾತ್ರಿ ಎಂಟಕ್ಕೆ ಬರುವುದು ಹಾಲ್ಟಿಂಗ್ ಬಸ್ಸು. ಡ್ರೈವರು, ಕಂಡಕ್ಟರು ಬೇಸಿಗೆಯಲ್ಲಿ ಅಂಗಡಿ ಜಗುಲಿ ಮೇಲೆ, ಮಳೆಗಾಲದಲ್ಲಿ ಬಸ್ಸಿನೊಳಗೆ ಹಿಂದಿನ ಉದ್ದ ಸೀಟಿನ ಮೇಲೆ ಮಲಗುತ್ತಿದ್ದರು. ಸಾರೋ ಪಲ್ಯವೋ ಯಾವುದಾದರೊಂದು ಮನೆಯಿಂದ ಬರುತ್ತಿತ್ತು. ಬೆಳಿಗ್ಗೆ ಆರೂಮುಕ್ಕಾಲಿಗೆ ಡ್ರೈವರು ಎಂಜಿನ್ ಸ್ಟಾರ್ಟ್ ಮಾಡಿ ಹಾಗೇ ಬಿಟ್ಟು ಹಲ್ಲುಜ್ಜಲು ಹೋಗುತ್ತಿದ್ದರು. ಆ ಗುರುಗುರು ಸದ್ದು ಗುಡ್ಡದಾಚೆಯ ಮನೆಗಳಿಗೂ ಕೇಳುತ್ತಿತ್ತು. ನಮಗೆಲ್ಲ ಅದೇ ಅಲಾರಾಂ. ಸದ್ದು ಕೇಳಿದ ಮೇಲೆ ಜಡೆ ಹಾಕಿಕೊಂಡು, ಕಾವಲಿ ಮೇಲಿನ ದೋಸೆ ಸುತ್ತಿ ಕೈಲಿ ಹಿಡಿದುಕೊಂಡು ಓಡಿದರೂ ಬಸ್ಸು ಸಿಗುತ್ತಿತ್ತು. ಸಿಗದಿದ್ದರೆ ಕಂಡಕ್ಟರಣ್ಣ ಹಾರ್ನ್ ಹೊಡೆಸಿ ಕರೆಯುತ್ತಿದ್ದರು. ಯಾವ ಮನೆಯಿಂದ ಯಾರು ಬರಬೇಕು ಅಂತ ಅವರಿಗೆ ಗೊತ್ತಿತ್ತು.

ಮೊದಲು ಹೋದದ್ದು ಆ ಹಾಲ್ಟಿಂಗ್. ಹೊಸ ಹುಡುಗರು ಊರಲ್ಲಿ ರಾತ್ರಿ ಉಳಿಯಲು ಒಪ್ಪುವುದಿಲ್ಲ, ಕೆಲಸಕ್ಕೆ ಜನ ಸಿಗುತ್ತಿಲ್ಲ ಅಂದರು. ಇರಬಹುದು. ಸಂಜೆ ಬಸ್ಸು ಬಂದು ಹಾಗೇ ತಿರುಗಿ ಹೋಗತೊಡಗಿತು, ಬೆಳಿಗ್ಗೆ ಪೇಟೆಯಿಂದ ಬಂದು ಎಂಟೂಕಾಲಿಗೆ ಹೊರಡುವುದೇ ಮೊದಲ ಬಸ್ಸಾಯಿತು. ನೋಡಲಿಕ್ಕೆ ಒಂದೂವರೆ ಗಂಟೆಯ ವ್ಯತ್ಯಾಸ. ಆದರೆ ಆ ಒಂದೂವರೆ ಗಂಟೆಯಲ್ಲಿ ಪೇಟೆಯಲ್ಲಿ ಸಿಗುತ್ತಿದ್ದ ಶಿವಮೊಗ್ಗದ ಬಸ್ಸು, ಮಣಿಪಾಲಕ್ಕೆ ಹೋಗಲು ಹಿಡಿಯುತ್ತಿದ್ದ ಉಡುಪಿ ಬಸ್ಸು ಎರಡೂ ತಪ್ಪಿದವು. ಆಸ್ಪತ್ರೆಗೆ ಹೋಗಿ ಅದೇ ದಿನ ವಾಪಸ್ ಬರಬೇಕೆಂದರೆ ಬಾಡಿಗೆ ಜೀಪು ಮಾಡಬೇಕಾಯಿತು. ದಿನಾ ಪೇಟೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಮೂರ್ನಾಲ್ಕು ಗಂಡಸರು ಅದೇ ವರ್ಷ ಬೈಕು ತೆಗೆದುಕೊಂಡರು. ಅವರಲ್ಲಿ ಅಪ್ಪನೂ ಒಬ್ಬರು.

ಎರಡನೆಯದಾಗಿ ಹೋದದ್ದು ಮಧ್ಯಾಹ್ನದ ಟ್ರಿಪ್ಪು. ಅದರಲ್ಲಿ ಜನ ಇರುತ್ತಿರಲಿಲ್ಲ, ನಿಜ. ಐದಾರು ಮಂದಿ, ಎರಡು ಮೂಟೆ, ಒಂದು ಸ್ಟವ್. ಆಮೇಲೆ ಭಾನುವಾರದ ಬಸ್ಸು. ಇವುಗಳ ನಡುವೆ ಮದುವೆ ಸೀಸನ್ ಅಂತ ಬೇರೆ ಇದೆ. ಏಪ್ರಿಲ್, ಮೇ ಬಂತೆಂದರೆ ಕಾದು ಕಾದು ಅಂಗಡಿಯವರಿಗೆ ಕೇಳಿದಾಗ 'ಬಸ್ಸು ಮದುವೆಗೆ ಹೋಗಿದೆ' ಅನ್ನುವ ಉತ್ತರ. ಬೇರೆ ಊರಿನವರಿಗೆ ಇದು ತಮಾಷೆ ಅನ್ನಿಸಬಹುದು. ಲೈನಿನಲ್ಲಿ ಓಡಿ ಒಂದು ವಾರದಲ್ಲಿ ಉಳಿಯದ ದುಡ್ಡು ಒಂದು ದಿಬ್ಬಣಕ್ಕೆ ಹೋದರೆ ಉಳಿಯುತ್ತದೆ ಅಂದಮೇಲೆ ಮಾಲೀಕರು ಹೋಗದೆ ಇರುತ್ತಾರೆಯೇ? ಆದರೆ ಬೆಳಿಗ್ಗೆ ಏಳರಿಂದ ನಿಂತವರಿಗೆ ಒಂದು ಮಾತು ಹೇಳುವ ಕ್ರಮವಂತೂ ಇರಲಿಲ್ಲ. ಹೀಗೆ ನಾಲ್ಕೈದು ಸಲ ಆದವರು ಬಸ್ಸನ್ನು ನಂಬುವುದನ್ನೇ ಬಿಟ್ಟರು. ಟ್ರಿಪ್ಪು ಕಡಿಮೆಯಾಗುವುದಕ್ಕಿಂತಲೂ ನಂಬಿಕೆ ಹೋಗುವುದು ಬಸ್ಸಿಗೆ ಬೀಳುವ ದೊಡ್ಡ ಪೆಟ್ಟು ಅಂತ ನನ್ನ ಅಂದಾಜು. ಎರಡೇ ಟ್ರಿಪ್ಪು ಇರಲಿ, ಹೇಳಿದ ಹೊತ್ತಿಗೆ ಬರುವುದಾದರೆ ಜನ ತಮ್ಮ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಮಾಲೀಕರ ಕಡೆಯ ಲೆಕ್ಕವನ್ನೂ ಒಂದು ಸಲ ಹಾಕಿ ನೋಡೋಣ. ನಮ್ಮ ಏರು ತಗ್ಗಿನ ದಾರಿಯಲ್ಲಿ ಬಸ್ಸು ಲೀಟರಿಗೆ ನಾಲ್ಕರಿಂದ ಐದು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಹೋಗಿ ಬರಲು 56 ಕಿಲೋಮೀಟರ್, ಅಂದರೆ ಹನ್ನೆರಡು ಹದಿಮೂರು ಲೀಟರ್ ಡೀಸೆಲ್. ಡೀಸೆಲ್ ದರವನ್ನು ಸರ್ಕಾರ ನಿಗದಿ ಮಾಡುವುದನ್ನು ಬಿಟ್ಟದ್ದು 2014ರ ಅಕ್ಟೋಬರಿನಲ್ಲಿ. 2021ರ ಹೊತ್ತಿಗೆ ಲೀಟರಿಗೆ 90 ರೂಪಾಯಿ ದಾಟಿತು. ಒಂದು ಸುತ್ತಿಗೆ ಡೀಸೆಲ್ಲಿಗೇ ಸಾವಿರದ ನೂರು ರೂಪಾಯಿ ಹೋಯಿತು. ಕೊನೆಯ ಸ್ಟಾಪಿನಿಂದ ಪೇಟೆಗೆ 40 ರೂಪಾಯಿ ಟಿಕೆಟ್ ಅಂತ ಇಟ್ಟುಕೊಂಡರೂ ಇಪ್ಪತ್ತೆಂಟು ಪೂರ್ತಿ ಟಿಕೆಟ್ ಹರಿದರೆ ಡೀಸೆಲ್ಲಿನ ದುಡ್ಡು ಹುಟ್ಟುತ್ತದೆ. ಡ್ರೈವರ್ ಕಂಡಕ್ಟರ್ ಸಂಬಳ, ಟೈರು, ವಿಮೆ, ಬ್ಯಾಂಕಿನ ಕಂತು ಎಲ್ಲ ಅದರ ಮೇಲೆ. ಜೊತೆಗೆ ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ಕಟ್ಟುವ ತೆರಿಗೆ. ಸೀಟಿನಲ್ಲಿ ಜನ ಕೂತಿದ್ದರೋ ಇಲ್ಲವೋ ಅನ್ನುವುದು ಅದಕ್ಕೆ ಸಂಬಂಧವಿಲ್ಲ. ಕೋವಿಡ್ ಕಾಲದಲ್ಲಿ ಎಷ್ಟೋ ಮಾಲೀಕರು ಆರ್‌ಟಿಒ ಕಚೇರಿಗೆ ದಾಖಲೆಗಳನ್ನು ಒಪ್ಪಿಸಿ, ಬಸ್ಸು ಓಡಿಸುತ್ತಿಲ್ಲ ಅಂತ ಬರೆದುಕೊಟ್ಟು ತೆರಿಗೆ ಉಳಿಸಿಕೊಂಡರು. 'ಗಾಡಿ ಸರೆಂಡರ್ ಮಾಡಿದ್ದೇವೆ' ಅನ್ನುವ ಮಾತು ಆಗ ಬಸ್‌ಸ್ಟ್ಯಾಂಡಿನಲ್ಲೆಲ್ಲ ಕೇಳುತ್ತಿತ್ತು. ಹಾಗೆ ಸರೆಂಡರ್ ಆದ ಕೆಲವು ಬಸ್ಸುಗಳು ಮತ್ತೆ ರಸ್ತೆಗೆ ಇಳಿಯಲೇ ಇಲ್ಲ.

ಈ ಲೆಕ್ಕ ಎಂಥವರನ್ನೂ ಬಿಡುವುದಿಲ್ಲ ಅನ್ನುವುದಕ್ಕೆ ನಮ್ಮ ತಾಲ್ಲೂಕಿನಲ್ಲೇ ಉದಾಹರಣೆ ಇದೆ. ಕೊಪ್ಪದ ಸಹಕಾರ ಸಾರಿಗೆ. ಖಾಸಗಿ ಬಸ್ ಕಂಪನಿಯೊಂದು ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಂಘ. ಬೆರಳೆಣಿಕೆಯ ಬಸ್ಸುಗಳಿಂದ ಹೊರಟು ಹತ್ತಾರು ಮಾರ್ಗಗಳಿಗೆ ಬೆಳೆಯಿತು. ಡ್ರೈವರೇ ಮಾಲೀಕ, ಕಂಡಕ್ಟರೇ ಮಾಲೀಕ. ಕಾರ್ಮಿಕರು ಸಂಸ್ಥೆ ನಡೆಸಬಹುದು ಅನ್ನುವುದಕ್ಕೆ ದೂರದೂರದವರು ಬಂದು ನೋಡಿ ಹೋಗುತ್ತಿದ್ದರು. ನಾವು ಪತ್ರಿಕೋದ್ಯಮ ಓದುವಾಗ ತರಗತಿಯಲ್ಲಿ ಯಾರಾದರೂ 'ನಿಮ್ಮೂರಿನ ಯಶೋಗಾಥೆ ಬರೆಯಿರಿ' ಅಂದರೆ ಮಲೆನಾಡಿನ ನಮ್ಮೆಲ್ಲರಿಗೂ ಇದ್ದದ್ದು ಅದೊಂದೇ ವಿಷಯ! 2020ರ ಫೆಬ್ರವರಿಯಲ್ಲಿ, ಲಾಕ್‌ಡೌನಿಗೂ ಒಂದು ತಿಂಗಳು ಮುಂಚೆಯೇ, ಆ ಬಸ್ಸುಗಳು ನಿಂತವು. ಡೀಸೆಲ್ ದರ, ತೆರಿಗೆ, ವಿಮೆ, ಕಡಿಮೆಯಾದ ಪ್ರಯಾಣಿಕರು. ಲಾಭಕ್ಕಾಗಿ ಓಡಿಸುವವರಿಗೂ ಊಟಕ್ಕಾಗಿ ಓಡಿಸುವವರಿಗೂ ಕಾರಣಗಳು ಒಂದೇ ಆಗಿದ್ದವು. ಅದು ದೊಡ್ಡ ಸಂಸ್ಥೆಯಾದ್ದರಿಂದ ಸುದ್ದಿಯಾಯಿತು. ನಮ್ಮೂರ ಬಸ್ಸು ಅಷ್ಟು ದೊಡ್ಡದಿರಲಿಲ್ಲ.

ರಸ್ತೆಯ ವಿಷಯದಲ್ಲೊಂದು ವಿಚಿತ್ರ ಇದೆ. ನಮ್ಮ ರಸ್ತೆ ಮಣ್ಣಿನದ್ದಾಗಿದ್ದಾಗ, ಜುಲೈ ತಿಂಗಳಲ್ಲಿ ಕೆಸರಿಗೆ ಚಕ್ರ ಹೂತು ಗಂಡಸರೆಲ್ಲ ಇಳಿದು ತಳ್ಳುತ್ತಿದ್ದಾಗ, ನಾಲ್ಕು ಟ್ರಿಪ್ಪು ಇತ್ತು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾಯಿತು, ಒಂದೊಂದೇ ಒಳದಾರಿಗೆ ಡಾಂಬರು ಬಂತು. ಬಸ್ಸು ಇನ್ನೂ ಚೆನ್ನಾಗಿ ಬರುತ್ತದೆ ಅಂತ ಎಲ್ಲರೂ ಅಂದುಕೊಂಡರು. ಡಾಂಬರು ಬಂದಮೇಲೆ ಬಂದದ್ದು ಬೈಕು, ಸ್ಕೂಟಿ, ಆಮೇಲೆ ಸೆಕೆಂಡ್ ಹ್ಯಾಂಡ್ ಆಲ್ಟೊ. ಮೊದಲೆಲ್ಲ ಜೀಪಿದ್ದ ಮನೆ ಅಂದರೆ ಸಾಹುಕಾರರ ಮನೆ. ಈಗ ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಊರಿಗೆ ಎರಡು ಮೂರು ಕಾರು ಹೆಚ್ಚುವರಿ ಬರುತ್ತವೆ. ಇದರಲ್ಲಿ ಯಾರದ್ದೇನು ತಪ್ಪು? ಮಗುವಿಗೆ ರಾತ್ರಿ ಜ್ವರ ಬಂದರೆ ಕಾಯಲಿಕ್ಕೆ ಬಸ್ಸಿಲ್ಲ, ಕಾರು ಬೇಕು. ನನ್ನ ಹತ್ತಿರವೂ ಸ್ಕೂಟಿ ಇದೆ, ಅದಿಲ್ಲದಿದ್ದರೆ ಊರಿನಲ್ಲಿದ್ದು ಕೆಲಸ ಮಾಡಲು ಆಗುತ್ತಿರಲಿಲ್ಲ.

ಆದರೆ ಒಬ್ಬರು ಬೈಕು ಕೊಂಡರೆ ಬಸ್ಸಿನಲ್ಲಿ ಉಳಿದವರಿಗೆ ಅದರ ಬಿಸಿ ತಟ್ಟುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೊಹ್ರಿಂಗ್ 1972ರಲ್ಲಿ ನಗರಗಳ ಬಸ್ಸಿನ ಬಗ್ಗೆ ಬರೆಯುತ್ತಾ ಒಂದು ಸರಳ ಸಂಗತಿ ತೋರಿಸಿದರು. ಜನ ಹೆಚ್ಚಿದರೆ ಬಸ್ಸು ಹೆಚ್ಚುತ್ತದೆ, ಬಸ್ಸು ಹೆಚ್ಚಿದರೆ ಮೊದಲಿಂದ ಹೋಗುತ್ತಿದ್ದವರೂ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಅಂದರೆ ಹೊಸದಾಗಿ ಬಸ್ಸು ಹತ್ತಿದವನು ತನಗೆ ಗೊತ್ತಿಲ್ಲದೆಯೇ ಉಳಿದವರಿಗೆಲ್ಲ ಉಪಕಾರ ಮಾಡುತ್ತಾನೆ. ನಮ್ಮೂರಲ್ಲಿ ನಡೆದದ್ದು ಅದರ ಉಲ್ಟಾ. ಬೈಕು ಕೊಂಡ ನಾಲ್ಕು ಜನರಿಂದ ಒಂದು ಟ್ರಿಪ್ಪು ಹೋಯಿತು, ಟ್ರಿಪ್ಪು ಹೋದದ್ದಕ್ಕೆ ಇನ್ನು ನಾಲ್ಕು ಜನ ಬೈಕು ಕೊಂಡರು. ಯಾರೂ ಯಾರಿಗೂ ಕೆಟ್ಟದ್ದು ಬಯಸಲಿಲ್ಲ. ಕೊನೆಗೆ ಬಸ್ಸಿನಲ್ಲಿ ಉಳಿದವರು ಬೈಕು ಓಡಿಸಲು ಆಗದವರು, ಓಡಿಸಲು ಬರದವರು, ಕೊಳ್ಳಲು ದುಡ್ಡಿಲ್ಲದವರು ಮಾತ್ರ.

ಮನೆಗೊಂದು ಕಾರು ಇದ್ದೇ ಇರುತ್ತದೆ ಅಂತ ಇಡೀ ಸಮಾಜವೇ ನಂಬಿಕೊಂಡರೆ ಏನಾಗುತ್ತದೆ ಅಂತ ನೋಡಲು ನಮಗಿಂತ ಮುಂದೆ ಹೋದವರ ಕಡೆ ನೋಡಬೇಕು. ಕೆನಡಾದಲ್ಲಿ ಸಸ್ಕಾಚೆವಾನ್ ಅಂತ ಒಂದು ಪ್ರಾಂತ್ಯ ಇದೆ. ಗೋಧಿ ಬೆಳೆಯುವ ಬಯಲು, ಊರಿಂದ ಊರಿಗೆ ಮೈಲಿಗಟ್ಟಲೆ ದೂರ. ಅಲ್ಲಿನ ಸರ್ಕಾರ 1946ರಲ್ಲಿ ಬಸ್ ಕಂಪನಿ ಶುರುಮಾಡಿ ಸಣ್ಣ ಸಣ್ಣ ಊರುಗಳನ್ನೆಲ್ಲ ಜೋಡಿಸಿತ್ತು. ಬಸ್ಸಿನಲ್ಲಿ ಜನರ ಜೊತೆಗೆ ಪಾರ್ಸೆಲ್‌ಗಳೂ ಹೋಗುತ್ತಿದ್ದವು. ನಷ್ಟ ತುಂಬಿಕೊಡಲು ಆಗುವುದಿಲ್ಲ ಅಂತ 2017ರ ಮೇ 31ಕ್ಕೆ ಸರ್ಕಾರವೇ ಅದನ್ನು ಮುಚ್ಚಿತು. ಮಾರನೇ ವರ್ಷ ಅಕ್ಟೋಬರ್ ಕೊನೆಗೆ ಖಾಸಗಿಯ ಗ್ರೇಹೌಂಡ್ ಕೂಡ ಪಶ್ಚಿಮ ಕೆನಡಾದ ಮಾರ್ಗಗಳನ್ನು ಬಿಟ್ಟಿತು. ಅಷ್ಟು ಶ್ರೀಮಂತ ದೇಶದಲ್ಲಿ, ಅಷ್ಟು ಕಾರುಗಳಿರುವಲ್ಲಿ, ಬಸ್ಸು ಬೇಕು ಅಂತ ಕೇಳಿದವರು ಯಾರೆಂದು ನೋಡಿದರೆ ವಯಸ್ಸಾದವರು, ದೊಡ್ಡ ಪಟ್ಟಣದ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳು, ಮೂಲನಿವಾಸಿ ಹೆಂಗಸರು. ಇದನ್ನು ಓದುವಾಗ ನನಗೆ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು.

ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ದೊಡ್ಡಪ್ಪ ಹೋಗಿ ಹತ್ತು ವರ್ಷ, ಮಗ ಬೆಂಗಳೂರಿನಲ್ಲಿ. ಅಂಗಳದಲ್ಲಿ ಮಗ ಬಂದಾಗ ಓಡಿಸುವ ಕಾರು ಟಾರ್ಪಾಲು ಹೊದ್ದು ನಿಂತಿದೆ. ಬಸ್ಸಿದ್ದ ಕಾಲದಲ್ಲಿ ಸಂತೆಯ ದಿನ ಬಂದರೆ ದೊಡ್ಡಮ್ಮ ಬೆಳಿಗ್ಗೆಯೇ ಹೊರಟುಬಿಡುತ್ತಿದ್ದರು. ಕೈಯಲ್ಲೊಂದು ವಯರ್ ಬುಟ್ಟಿ, ಅದರಲ್ಲಿ ಮಾರಲು ಒಂದಿಷ್ಟು ಬಾಳೆಕಾಯಿಯೋ ವೀಳ್ಯದೆಲೆಯೋ. ಪೇಟೆಯಲ್ಲಿ ಬಿಪಿ ಗುಳಿಗೆ ತೆಗೆದುಕೊಂಡು, ಬ್ಯಾಂಕಿನಲ್ಲಿ ಪಿಂಚಣಿ ಬಂದಿದೆಯಾ ಅಂತ ವಿಚಾರಿಸಿ, ಅಕ್ಕನ ಮಗಳ ಮನೆಯಲ್ಲಿ ಊಟ ಮಾಡಿ, ಸಂಜೆ ಬಸ್ಸಿಗೆ ಬರುತ್ತಿದ್ದರು. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಒಮ್ಮೊಮ್ಮೆ ಅವರಿಗೆ ಪೇಟೆಯಲ್ಲಿ ಯಾವ ಕೆಲಸವೂ ಇರುತ್ತಿರಲಿಲ್ಲ. ಸುಮ್ಮನೆ ಹೋಗುತ್ತಿದ್ದರು.

ಈಗ ಅವರು ಪೇಟೆಗೆ ಹೋಗುವುದು ಬೇರೆ ಥರ. ಎರಡು ದಿನ ಮೊದಲೇ ನಮ್ಮ ಮನೆಗೋ ಕೆಳಗಿನ ಮನೆಗೋ ಬಂದು ಸುತ್ತುಬಳಸಿ ಮಾತು ತೆಗೆಯುತ್ತಾರೆ. 'ನಾಡಿದ್ದು ನಿಮ್ಮನೆಯವರು ಆ ಕಡೆ ಹೋಗೋದಿತ್ತಾ?' ಇತ್ತು ಅಂದರೆ ಹೋಗುವವರ ಹೊತ್ತಿಗೆ ಹೊರಡಬೇಕು, ಅವರ ಕೆಲಸ ಮುಗಿಯುವ ತನಕ ಕಾಯಬೇಕು. ಕಾಯುವುದಕ್ಕೆ ಅವರಿಗೇನೂ ಬೇಸರವಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಆಯುಷ್ಯವಿಡೀ ಕಾದವರು. ಆದರೆ ಕರೆದುಕೊಂಡು ಹೋದವರಿಗೆ ಏನಾದರೂ ಕೊಡದೆ ಇರುವುದು ಅವರಿಂದ ಆಗುವುದಿಲ್ಲ. ಬರುವಾಗ ಒಂದು ಕೆಜಿ ಸಕ್ಕರೆ, ಮಕ್ಕಳಿದ್ದ ಮನೆಯಾದರೆ ಬಿಸ್ಕೆಟು, ಮಾರನೇ ದಿನ ಒಂದು ಬಾಟಲಿ ತುಪ್ಪ. ಬೇಡ ದೊಡ್ಡಮ್ಮ ಅಂದರೆ ಒಂದು ಸಲ ಹೇಳಿಯೇಬಿಟ್ಟರು, 'ಬಸ್ಸಾದರೆ ಇಪ್ಪತ್ತೆಂಟು ರೂಪಾಯಿ ಕೊಟ್ಟು ಇಳಿದರೆ ಮುಗೀತು ಕಣೇ. ಇದು ಮುಗಿಯೋದೇ ಇಲ್ಲ.'

ಹಂಗು ಅನ್ನುವ ಪದಕ್ಕೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಕೇಳಿಲ್ಲ. ಬಸ್ಸಿನಲ್ಲಿ ಹಂಗಿಲ್ಲ. ಟಿಕೆಟ್ ತೆಗೆದವರು ಯಾರಿಗೂ ಋಣಿಯಲ್ಲ. ಮಲೆನಾಡಿನಂಥ ಕಡೆ, ಯಾರ ಅಂಗಳಕ್ಕೆ ಯಾರು ಎಲ್ಲಿಯವರೆಗೆ ಬರಬಹುದು ಅನ್ನುವುದಕ್ಕೆ ಈಗಲೂ ಹೇಳದ ಗೆರೆಗಳಿರುವ ಕಡೆ, ಅದು ಸಣ್ಣ ವಿಷಯವಲ್ಲ. ಎಸ್ಟೇಟಿನ ಲೈನ್ ಮನೆಗಳವರು, ಕಾಲೊನಿಯವರು, ತೋಟದ ಯಜಮಾನರು ಎಲ್ಲರೂ ಒಂದೇ ಬಾಗಿಲಲ್ಲಿ ಹತ್ತುತ್ತಿದ್ದದ್ದು ಬಸ್ಸಿಗೆ ಮಾತ್ರ. ಸೀಟು ಮೊದಲು ಬಂದವರದ್ದು. ಹಿಂದೆಲ್ಲ ಅಲ್ಲೂ ಎದ್ದು ಸೀಟು ಬಿಟ್ಟುಕೊಡುವ ಕ್ರಮ ಇತ್ತಂತೆ, ನಾನು ನೋಡುವ ಕಾಲಕ್ಕೆ ಅದು ಹೋಗಿತ್ತು. ಈಗ ದೊಡ್ಡಮ್ಮನಾದರೂ ಯಾರದ್ದಾದರೂ ಕಾರಿನ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಲೈನ್ ಮನೆಯ ಹೆಂಗಸರು ಯಾರ ಕಾರನ್ನು ಕೇಳಬೇಕು? ಅವರು ಪಿಕಪ್ ಗಾಡಿಯ ಹಿಂದೆ ಗೊಬ್ಬರದ ಚೀಲದ ಜೊತೆ ನಿಂತು ಪೇಟೆಗೆ ಹೋಗುತ್ತಾರೆ, ಇಲ್ಲ ಆಟೊಗೆ ನಾಲ್ಕು ಜನ ಸೇರುವ ತನಕ ರಸ್ತೆ ಬದಿ ಕಾಯುತ್ತಾರೆ. ಎಂಟು ಜನ ಸೇರಿದರೂ ಆಟೊದವರು ಬೇಡ ಅನ್ನುವುದಿಲ್ಲ.

ಹೆಣ್ಣುಮಕ್ಕಳ ಓದಿನ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ನಾನು ಪಿಯುಸಿಗೆ ಹೋದದ್ದು, ಅಲ್ಲಿಂದ ಡಿಗ್ರಿಗೆ ಹೋದದ್ದು, ಪತ್ರಿಕೋದ್ಯಮ ಅಂತ ಒಂದು ವಿಷಯ ಇದೆ ಅಂತ ಗೊತ್ತಾದದ್ದು ಎಲ್ಲ ಅರ್ಧ ಟಿಕೆಟಿನ ಬಸ್ ಪಾಸಿನಿಂದ. ಬಸ್ಸಿಲ್ಲದಿದ್ದರೆ ಅಪ್ಪ ಬೈಕಿನಲ್ಲಿ ಬಿಡುತ್ತಿದ್ದರೋ ಏನೋ, ಆದರೆ ನನ್ನ ಓದು ಅಪ್ಪನ ಪುರಸೊತ್ತಿನ ಮೇಲೆ ನಿಲ್ಲುತ್ತಿತ್ತು. ಕಳೆದ ವರ್ಷ ನಮ್ಮ ಪಕ್ಕದ ಗುಡ್ಡದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ವಿಜ್ಞಾನ ಓದುವ ಆಸೆ. ಪ್ರಾಕ್ಟಿಕಲ್ ಮುಗಿಸಿ ಸಂಜೆ ಮನೆಗೆ ಬರುವುದು ಹೇಗೆ ಅನ್ನುವ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಗಲಿಲ್ಲ. ಹಾಸ್ಟೆಲಿಗೆ ಕಳಿಸಲು ಮನಸ್ಸಿಲ್ಲ. ಕೊನೆಗೆ ಮಧ್ಯಾಹ್ನವೇ ಬಿಡುವ ತರಗತಿಗೆ ಸೇರಿಸಿದರು. ಅವಳ ಅಣ್ಣನಿಗೆ ಬೈಕು ಇದೆ, ಅವನು ಶಿವಮೊಗ್ಗದಲ್ಲಿ ಓದುತ್ತಾನೆ. ಸರ್ಕಾರ 2006ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ ಬಯಲುಸೀಮೆಯ ಹುಡುಗಿಯರು ಅದನ್ನು ತುಳಿದುಕೊಂಡು ಶಾಲೆಗೆ ಹೋಗುವ ಫೋಟೊ ನೋಡಿ ನಮಗೆ ಹೊಟ್ಟೆಕಿಚ್ಚು. ನಮ್ಮ ಏರಿನಲ್ಲಿ ಅದನ್ನು ತಳ್ಳಿಕೊಂಡು ಹೋಗಬೇಕಿತ್ತು!

ಬಸ್ಸು ತರುತ್ತಿದ್ದದ್ದು ಜನರನ್ನಷ್ಟೇ ಅಲ್ಲ ಅನ್ನುವುದು ನಮ್ಮ ಕಸುಬಿನವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ಪತ್ರಿಕೆ ಕಟ್ಟು ಊರಿಗೆ ಬರುತ್ತಿದ್ದದ್ದು ಬಸ್ಸಿನಲ್ಲೇ. ಫ್ಯಾಕ್ಸು, ಈಮೇಲು ಬರುವ ಮೊದಲು ಒಳಊರಿನ ಬಾತ್ಮೀದಾರರು ಸುದ್ದಿ ಬರೆದು, ಫೋಟೊ ತೊಳೆಸಿ, ಕವರಿನಲ್ಲಿಟ್ಟು ಕಂಡಕ್ಟರ ಕೈಗೆ ಕೊಡುತ್ತಿದ್ದರು. ಜಿಲ್ಲಾ ಕಚೇರಿಯವರು ಬಸ್‌ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಿದ್ದರು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಕಂಡಕ್ಟರುಗಳೇ ನಮ್ಮ ಮೊದಲ ಉಪಸಂಪಾದಕರು ಅನ್ನುತ್ತಿದ್ದರು, ಯಾಕೆಂದರೆ ಕವರು ಒಡೆದು ಓದಿ, 'ಈ ಹೆಸರು ತಪ್ಪು ಬರ್ದಿದೀರಿ' ಅಂತ ಮಾರನೇ ದಿನ ಹೇಳುತ್ತಿದ್ದರಂತೆ. ಇದಲ್ಲದೆ ಪೇಟೆಯ ಮೆಡಿಕಲ್‌ನಿಂದ ಗುಳಿಗೆ, ರಿಪೇರಿಗೆ ಹೋದ ಮಿಕ್ಸಿ, ತವರಿನಿಂದ ಬಂದ ಹಲಸಿನ ಹಪ್ಪಳದ ಕಟ್ಟು, ಇಂಥವರ ಮನೆಗೆ ಹೇಳಿ ಅಂತ ಒಂದು ಸಾವಿನ ಸುದ್ದಿ. ಈಗ ಸಾವಿನ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ, ಅದಕ್ಕೆ ತೊಂದರೆಯಿಲ್ಲ. ಗುಳಿಗೆ ಬರುವುದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಈ ಯೋಜನೆಯನ್ನು ಗೇಲಿ ಮಾಡುವವರ ಗುಂಪಿನಲ್ಲಿ ನಾನಿಲ್ಲ. ಬಯಲುಸೀಮೆಯ ಊರುಗಳಿಂದ ಪೇಟೆಗೆ ಕೆಲಸಕ್ಕೆ ಹೋಗುವ ಹೆಂಗಸರ ಕೈಯಲ್ಲಿ ತಿಂಗಳಿಗೆ ಉಳಿಯುವ ದುಡ್ಡು ಎಷ್ಟೆಂದು ಅವರನ್ನೇ ಕೇಳಿದರೆ ಗೊತ್ತಾಗುತ್ತದೆ. ಆದರೆ ಸರ್ಕಾರಿ ಬಸ್ಸೇ ಇಲ್ಲದ ದಾರಿಯಲ್ಲಿ ಉಚಿತ ಟಿಕೆಟು ಎಂಥದ್ದು? ಮಲೆನಾಡು, ಕರಾವಳಿಯ ಎಷ್ಟೋ ಒಳಊರುಗಳ ಹೆಂಗಸರು ಆಧಾರ್ ಕಾರ್ಡು ಹಿಡಿದುಕೊಂಡು ಟಿವಿಯಲ್ಲಿ ಅದನ್ನು ನೋಡಿದರು, ಅಷ್ಟೆ. ಎರಡೂ ಥರದ ಬಸ್ಸುಗಳು ಓಡುವ ಮುಖ್ಯರಸ್ತೆಗಳಲ್ಲಿ ಹೆಂಗಸರು ಸಹಜವಾಗಿಯೇ ಸರ್ಕಾರಿ ಬಸ್ಸಿಗೆ ಹೋದರು, ಖಾಸಗಿಯವರ ಗಳಿಕೆ ಅಲ್ಲಿ ಇಳಿಯಿತು. ಮುಖ್ಯರಸ್ತೆಯ ಗಳಿಕೆಯಲ್ಲೇ ಅವರು ನಮ್ಮಂಥ ಒಳದಾರಿಯ ನಷ್ಟ ತೂಗಿಸುತ್ತಿದ್ದದ್ದು. ಇದನ್ನು ಹೇಳಿದರೆ ಯೋಜನೆಗೆ ವಿರೋಧ ಅಂತ ತಿಳಿಯುವವರಿದ್ದಾರೆ. ನಾನು ಹೇಳುತ್ತಿರುವುದು ಬಸ್ಸು ಕೊಡಿ ಅಂತ.

ಕಳೆದ ಗ್ರಾಮಸಭೆಯಲ್ಲಿ ದೊಡ್ಡಮ್ಮ ಎದ್ದು ನಿಂತು ಬಸ್ಸಿನ ಮಾತೆತ್ತಿದರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ವೇದಿಕೆ ಮೇಲಿದ್ದವರು ಬೀದಿದೀಪ, ಕುಡಿಯುವ ನೀರಿನ ನಡುವೆ ಅದನ್ನೂ ಬರೆದುಕೊಂಡರು. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ, ಕೆಟ್ಟ ಹುಡುಗನಲ್ಲ, 'ಎಲ್ಲರ ಮನೇಲೂ ಗಾಡಿ ಇದ್ಯಲ್ಲ, ಬಸ್ಸಿಗೆ ಯಾರು ಹತ್ತೋದು?' ಅಂದ. ದೊಡ್ಡಮ್ಮ ತಿರುಗಿ, 'ಗಾಡಿ ಇದೆ ಮಾರಾಯ, ಓಡಿಸೋನು ಬೆಂಗಳೂರಲ್ಲಿದಾನೆ' ಅಂದರು. ಎಲ್ಲರೂ ನಕ್ಕರು. ನಕ್ಕವರಲ್ಲಿ ಅರ್ಧದಷ್ಟು ಮನೆಗಳ ಕತೆ ಅದೇ.

ಎಷ್ಟು ಜನ ಪ್ರಯಾಣಿಕರು ಸಿಗುತ್ತಾರೆ, ಯಾವ ಹೊತ್ತಿಗೆ ಬೇಕು ಅಂತ ಬರೆದು ಸಹಿ ಹಾಕಿಸಿ ಕೊಡಿ, ಸಂಬಂಧಪಟ್ಟ ಕಚೇರಿಗೆ ಕಳಿಸುತ್ತೇವೆ ಅಂದಿದ್ದಾರೆ. ಹಿಂದೆ ಎರಡು ಸಲ ಕೊಟ್ಟ ಅರ್ಜಿಗಳಿಗೆ ಸ್ವೀಕೃತಿ ಬಿಟ್ಟರೆ ಬೇರೇನೂ ಬಂದಿಲ್ಲ. ಈ ಸಲ ಬರೆಯುವ ಕೆಲಸ ನನಗೆ ಬಂದಿದೆ. ನಾಲ್ಕು ಟ್ರಿಪ್ಪು ಕೇಳಿಲ್ಲ. ಎರಡು ಸಾಕು. ಕಾಲೇಜು, ಆಸ್ಪತ್ರೆ ತೆರೆಯುವ ಹೊತ್ತಿಗೆ ಪೇಟೆ ಮುಟ್ಟುವಂತೆ ಬೆಳಿಗ್ಗೆ ಒಂದು, ಪ್ರಾಕ್ಟಿಕಲ್ ಮುಗಿದ ಮೇಲೆ ಹೊರಡುವಂತೆ ಸಂಜೆ ಒಂದು. ದೊಡ್ಡ ಬಸ್ಸು ಬೇಡ, ಮಿನಿ ಬಸ್ಸಾದರೂ ಆದೀತು. ಮದುವೆಗೆ ಹೋಗುವುದಾದರೆ ಹಿಂದಿನ ದಿನ ಅಂಗಡಿಗೆ ಫೋನ್ ಮಾಡಿ ಹೇಳಬೇಕು ಅಂತ ಒಂದು ಸಾಲು ಸೇರಿಸಿದ್ದೆ, ಸರ್ಕಾರಿ ಬಸ್ಸು ಮದುವೆಗೆ ಹೋಗುವುದಿಲ್ಲ ಕಣೇ ಅಂತ ಅಪ್ಪ ನಕ್ಕಿದ್ದಕ್ಕೆ ತೆಗೆದೆ.

ಸಹಿಗೆ ಮನೆಮನೆಗೆ ಹೋಗುತ್ತಿದ್ದೇನೆ. ಗಂಡಸರು ಸಹಿ ಹಾಕಿ ಪೆನ್ನು ವಾಪಸ್ ಕೊಡುತ್ತಾರೆ. ಹೆಂಗಸರು ಹ್ವಾಯ್ ನಿಲ್ಲು ಅಂತ ಕೂರಿಸಿ ಪೂರ್ತಿ ಓದಿಸುತ್ತಾರೆ. ಬೆಳಿಗ್ಗೆ ಏಳೂಕಾಲು ಅಂತ ಬರೆದಿದ್ದೆ. ಏಳೂಕಾಲು ಬೇಡ, ಹಾಲು ಕರೆದು ಡೈರಿಗೆ ಹಾಕಿ ಬರಬೇಕು, ಏಳೂವರೆ ಅಂತ ಬರಿ ಅಂತ ಲೈನ್ ಮನೆಯ ಪಕ್ಕದವರು ಇಬ್ಬರು ಹೇಳಿದರು. ಏಳೂವರೆ ಅಂತ ತಿದ್ದಿದ್ದೇನೆ. ಇನ್ನೂ ಗುಡ್ಡದ ಮೇಲಿನ ಮನೆಗಳು ಬಾಕಿ ಇವೆ.